ಆಂಬ್ರೋಸ್ ಪೆಲ್ ಮಣ್ಣು ಮಾಡಿದ ನಲವತ್ತೇಳು ಮಂದಿ

ನಮ್ಮೂರ ಚರ್ಚಿನಲ್ಲಿ ಗುಂಡಿ ತೋಡುವ ಕೆಲಸ ಆಂಬ್ರೋಸ್ ಪೆಲ್‌ನದು. ಓದು ಬರಹ ಬಾರದು, ಮಾತೂ ಕಡಿಮೆ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡ ಮೂರನೆಯ ಬೇಸಿಗೆಯಲ್ಲಿ ಎರಡು ಕಡೆಯ ಪಡೆಗಳೂ ನಮ್ಮ ಅವರೆ ಹೊಲದಲ್ಲಿ ಒಂದು ಮಧ್ಯಾಹ್ನ ಬಡಿದಾಡಿಕೊಂಡು ಹೋದವು. ಬಿದ್ದವರನ್ನು ಮಣ್ಣು ಮಾಡಿದವನು ಇವನೇ. ಮೂರು ದಿನ, ನಲವತ್ತೇಳು ಹೆಣ. ಯಾವ ಕಡೆಯವರೆಂದು ಪಾದ್ರಿ ಕೇಳಿದ್ದಕ್ಕೆ, "ಮೈಮ್ಯಾಲಿನ್ ಬಟ್ಟೇನೂ ಬಿಚ್ಕೊಂಡ್ ಹೋಗವ್ರೆ ಸ್ವಾಮಿ, ಹೆಂಗ್ ಹೇಳ್ಲಿ" ಎಂದಿದ್ದ.

ಎರಡು ವಾರದ ಮೇಲೆ ಗಾಡಿಯವನು ಲಂಡನ್ನಿನಿಂದ ಎಂಟು ಪುಟದ ಸುದ್ದಿಪುಸ್ತಿಕೆ ತಂದ. ಹೆಂಡದಂಗಡಿಯಲ್ಲಿ ಅದನ್ನು ಓದಿ ಹೇಳುವವನು ಶಾಲೆಯ ಮೇಷ್ಟರಾದ ನಾನು. ನಮ್ಮ ಹೊಲದ ಕಾಳಗ ಅದರಲ್ಲಿತ್ತು. ದೇವರ ದಯೆಯಿಂದ ರಾಜನ ಕಡೆ ಆರುನೂರು ಜನ ಹತರಾದರು, ಪಾರ್ಲಿಮೆಂಟಿನ ಕಡೆ ನಾಲ್ವರು ಮಾತ್ರ.

ಗಿರಣಿಯ ಕ್ರಿಸ್ಪಿನ್ ಲೋಟ ಕೆಳಗಿಟ್ಟ. "ಏನ್ಲಾ ಆಂಬ್ರೋಸ್, ಮಿಕ್ಕೋರ್ನೆಲ್ಲ ಚಳಿಗಾಲಕ್ಕೆ ಹಂದಿ ಮಾಂಸದಂಗೆ ಉಪ್ಪು ಹಾಕಿಟ್ಟಿದ್ಯಾ?"

ಎಲ್ಲರೂ ನಕ್ಕರು. ಆಂಬ್ರೋಸ್ ನಗಲಿಲ್ಲ. "ಇನ್ನೊಂದ್ಸಲ ಓದಿ ಮೇಷ್ಟ್ರೇ" ಎಂದ. ಓದಿದೆ. ಆರುನೂರು ಆರುನೂರಾಗಿಯೇ ಇತ್ತು.

ಸುಗ್ಗಿಯ ಹೊತ್ತಿಗೆ ತಬಿತಾ ಎಂಬ ವಿಧವೆ ನಾಲ್ಕು ದಿನ ನಡೆದು ಬಂದಳು. ಕೈಯಲ್ಲಿ ಅದೇ ಪುಸ್ತಿಕೆ. ಮಗ ರಾಜನ ಪಡೆಯಲ್ಲಿದ್ದನಂತೆ. ಆರುನೂರರಲ್ಲಿ ಅವನೂ ಒಬ್ಬನೆಂದು ನಂಬಿಬಿಟ್ಟಿದ್ದಳು. ಆಂಬ್ರೋಸ್ ಅವಳನ್ನು ಹೊಲದ ಬದುವಿನ ಮೇಲೆ ಕೂರಿಸಿ, ತಾನು ಹೂತವರ ಗುರುತನ್ನು ಒಬ್ಬೊಬ್ಬರದಾಗಿ ಹೇಳುತ್ತ ಹೋದ: ಕೆಂಚು ಕೂದಲಿನವನು, ಎಡಗೈಯಲ್ಲಿ ಕಿರುಬೆರಳಿಲ್ಲದವನು, ಇನ್ನೂ ಮೀಸೆ ಚಿಗುರದವನು. ನಲವತ್ತೇಳೂ ಮುಗಿದವು.

"ನನ್ ಮಗನ ಕೆನ್ನೆ ಮ್ಯಾಲೆ ಸುಟ್ಟ ಕಲೆ ಐತೆ. ನೀ ಹೇಳಿದ್ರಾಗೆ ಅವ್ನಿಲ್ಲ. ಮಿಕ್ಕೋರು ಎಲ್ಲವ್ರಪ್ಪ?"

"ಮಿಕ್ಕೋರು ಕಾಗದದಾಗೆ ಸತ್ತೋರು ತಾಯಿ. ನನ್ ಗುದ್ಲಿಗೆ ಸಿಗ್ಲಿಲ್ಲ."

"ಅಚ್ಚು ಹಾಕ್ದೋರು ಸುಳ್ಳು ಹೇಳ್ತಾರಾ?"

"ಅವ್ರು ಇಲ್ಲಿಗ್ ಬಂದಿರ್ಲಿಲ್ಲ."

ನನ್ನ ಹೆಂಡತಿ ಕೊಟ್ಟ ಬ್ರೆಡ್ಡನ್ನು ತಬಿತಾ ಪೂರ್ತಿ ತಿಂದು, ಬಂದ ದಾರಿಯಲ್ಲೇ ಹಿಂತಿರುಗಿದಳು. ಆ ಮಗ ಬದುಕಿ ಬಂದನೋ ಇಲ್ಲವೋ, ನಮಗೆ ತಿಳಿಯಲಿಲ್ಲ.

ಮರುದಿನ ಆಂಬ್ರೋಸ್ ನಮ್ಮ ಮನೆ ಬಾಗಿಲಿಗೆ ಬಂದ. "ನಾ ಮರೆಯೋಕ್ ಮುಂಚೆ ಬರ್ಕೊಳ್ಳಿ ಮೇಷ್ಟ್ರೇ."

ಅವನು ಹೇಳಿದ, ನಾನು ಬರೆದೆ. ನಾಲ್ಕು ಹಾಳೆ ತುಂಬಿದವು. ಲಂಡನ್ನಿನ ಮುದ್ರಕನಿಗೂ ಒಂದು ಪ್ರತಿ ಕಳಿಸಿದೆ. ಅವನು ಅಚ್ಚು ಹಾಕಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಆದರೆ ಗಾಡಿಯವರ ಬಾಯಿಂದ ಸುದ್ದಿ ಹಬ್ಬಿ, ಎರಡೂ ಕಡೆಯ ತಾಯಂದಿರು, ಹೆಂಡಂದಿರು ನಮ್ಮೂರನ್ನು ಹುಡುಕಿಕೊಂಡು ಬಂದರು. ಆಂಬ್ರೋಸ್ ತೀರಿಕೊಳ್ಳುವ ಹೊತ್ತಿಗೆ ಹನ್ನೊಂದು ಮಂದಿಗೆ ಹೆಸರು ಸಿಕ್ಕಿತ್ತು. ಪ್ರತಿ ಹೆಸರನ್ನೂ ಅವನೆದುರಿಗೇ ಬರೆಯಬೇಕಿತ್ತು. ಅಕ್ಷರ ಬಾರದ ಮನುಷ್ಯ, ಶಾಯಿ ಆರುವತನಕ ಹಾಳೆಯ ಮೇಲೆ ಬಗ್ಗಿ ನೋಡುತ್ತಲೇ ಇರುತ್ತಿದ್ದ.