ಹಸಿರು ಮಿಷನ್ನಿನ ಬಾಗಿಲು

ನನ್ನ ಗಂಡನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಇಟ್ಟವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಇಡದಿದ್ದರೆ ನಾನೇ ಇಡುತ್ತಿದ್ದೆ. ಬೇರೆ ರಿಪೇರಿಯವರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸಕ್ಕೆ ಈ ಮನುಷ್ಯನಿಗೆ ಒಂದು ವಾರ ಬೇಕು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಬೆಡ್‌ಶೀಟಿನ ಮೇಲೆ ಸಾಲಾಗಿ ಇಡುತ್ತಾರೆ, ಆಮೇಲೆ ಕೆಲಸ ಮುಗಿಯುವವರೆಗೆ ಆ ಕೋಣೆಯಲ್ಲಿ ನಾವೆಲ್ಲ ಗೋಡೆಗೆ ಅಂಟಿಕೊಂಡು ಓಡಾಡಬೇಕು. ಎರಡು ವೈರು ಜೋಡಿಸಿದರೆ ಟೇಪು ಸುತ್ತಿ ಕೈ ತೊಳೆದುಕೊಳ್ಳುವುದಿಲ್ಲ. ಟೇಪಿನ ಮೇಲೆ ಮೇಣ ಹಚ್ಚಿದ ದಾರವನ್ನು ಏಳು ಸುತ್ತು ಸುತ್ತಿ ಗಂಟು ಹಾಕಬೇಕು. ಕೆಲಸ ಕಲಿಸಿದ ಗುರು ಹಾಗೆ ಹೇಳಿದ್ದರಂತೆ. ಆರೇ ಸುತ್ತು ಹಾಕಿದರೆ ಯಾರು ಬಂದು ಎಣಿಸುತ್ತಾರೆ ಎಂದು ಒಮ್ಮೆ ರೇಗಿ ಕೇಳಿದ್ದೆ.

"ನಾನು ಎಣಿಸ್ತೀನಲ್ಲ," ಎಂದರು.

ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಕೆಟ್ಟ ಮಿಷನ್ನುಗಳ ಜವಾಬ್ದಾರಿ ಅವರದು, ಮನುಷ್ಯರ ಜವಾಬ್ದಾರಿ ನನ್ನದು. ಫೋನು ಎತ್ತುವುದು, ಬಂದವರನ್ನು ಕೂರಿಸುವುದು, ಬೈಸಿಕೊಳ್ಳುವುದು, ನಾಳೆ ಬರುತ್ತಾರೆ ಎನ್ನುವುದು, ಇದು ಮೂವತ್ತೆಂಟು ವರ್ಷದಿಂದ ನನ್ನ ಕೆಲಸ. ನಾನಿಲ್ಲದಿದ್ದರೆ ಈ ಅಂಗಡಿ ಎಂದೋ ಮುಚ್ಚಿಹೋಗುತ್ತಿತ್ತು ಎಂದು ಹೇಳಿಕೊಂಡು ತಿರುಗಿದವಳು ನಾನು. ಈಗ ಹೇಳುವುದಿಲ್ಲ.

ಕಳೆದ ವರ್ಷ ಡಾಕ್ಟರಮ್ಮ ಬಂದಳು. ಹಲ್ಲಿನ ಡಾಕ್ಟರು, ನಲವತ್ತರ ಪ್ರಾಯ, ಚುರುಕು ಮಾತು. ಹೊಸದಾಗಿ ಕೊಂಡ ಮನೆಯ ಅಡುಗೆಮನೆಯನ್ನು ಹಳೇ ಕಾಲದ ಹಾಗೆ ಮಾಡಿಸುತ್ತಿದ್ದಾಳಂತೆ. ನೆಲಕ್ಕೆ ಕಪ್ಪು ಬಿಳುಪಿನ ಚೌಕಗಳು, ಗೋಡೆಗೆ ಬೆರಳಿಟ್ಟು ತಿರುಗಿಸುವ ಫೋನು, ಮೂಲೆಯಲ್ಲಿ ಗುಂಡು ಭುಜದ ಫ್ರಿಜ್ಜು. ನಾವು ಕಷ್ಟಪಟ್ಟು ಹೊರಗೆ ಹಾಕಿದ್ದನ್ನೆಲ್ಲ ಈಗಿನವರು ಕಷ್ಟಪಟ್ಟು ಹುಡುಕಿ ತರುತ್ತಾರೆ. ಅವಳ ಜೊತೆ ವ್ಯಾನಿನಲ್ಲಿ ಒಂದು ಪಾತ್ರೆ ತೊಳೆಯುವ ಮಿಷನ್ನೂ ಬಂದಿತ್ತು. ತಾಯಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಬಿದ್ದಿದ್ದು, ಬಣ್ಣ ಯಾವುದೆಂದು ಹೇಳಲಾಗದಷ್ಟು ಧೂಳು ಕುಡಿದಿತ್ತು.

"ಇದು ಓಡುತ್ತಾ ಅಂಕಲ್?" ಎಂದು ಕೇಳಿದಳು.

"ಓಡ್ಸೋಣ. ಮೂರು ವಾರ ಕೊಡಿ," ಎಂದರು ಇವರು.

"ಮೂರು ತಿಂಗಳು ಅಂತ ಬರ್ಕೊಳ್ಳಿ," ಎಂದೆ ನಾನು. ಅವಳು ನಕ್ಕಳು. ಮೊದಲ ನೋಟಕ್ಕೇ ನನಗೆ ಅವಳು ಇಷ್ಟವಾದಳು, ಅದೇ ಈಗ ಹೆಚ್ಚು ನೋಯುವುದು.

ತೊಳೆದ ಮೇಲೆ ಮಿಷನ್ನು ಎಳೆ ಬಟಾಣಿಯ ಹಸಿರು ಬಣ್ಣದ್ದೆಂದು ಗೊತ್ತಾಯಿತು. ನನಗೆ ಆಗಲೇ ಎಲ್ಲೋ ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಇವರಂತೂ ಮದುಮಗನ ಹಾಗೆ ಓಡಾಡುತ್ತಿದ್ದರು. ಹಿಂದಿನ ತಗಡು ತೆಗೆದರೆ ಒಳಗೆ ಇಲಿಗಳ ಮೂರು ತಲೆಮಾರಿನ ಸಂಸಾರ. ಬಾಗಿಲ ಸುತ್ತಲಿನ ರಬ್ಬರು ಕಟ್ಟಿಗೆಯಾಗಿತ್ತು. ನೀರು ಚಿಮ್ಮಿಸುವ ತೋಳಿನ ತೂತುಗಳಲ್ಲಿ ಗಡಸು ನೀರಿನ ಬಿಳಿ ಪೊರೆ ಕಲ್ಲಾಗಿ ಕೂತಿತ್ತು, ಅದನ್ನು ವಿನೆಗರಿನಲ್ಲಿ ನೆನೆಹಾಕಿ, ನನ್ನ ಹೊಲಿಗೆ ಸೂಜಿ ಕದ್ದು, ಒಂದೊಂದೇ ತೂತನ್ನು ಬಿಡಿಸಿದರು. ಬಣ್ಣ ಹೊಂದಿಸಲು ಹನ್ನೊಂದು ಸಲ ಕಲಸಿದರು. ಹನ್ನೊಂದೂ ನನ್ನ ಕಣ್ಣಿಗೆ ಒಂದೇ ಹಸಿರು. ಹಾಗೆಂದಿದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಎರಡನೇ ತಿಂಗಳಲ್ಲಿ ಡಾಕ್ಟರಮ್ಮ ನೋಡಲು ಬಂದಳು. ಇವರು ಹೆಮ್ಮೆಯಿಂದ ಬಾಗಿಲು ಕೆಳಗಿಳಿಸಿ ಫಳಫಳ ಹೊಳೆಯುವ ಒಳಭಾಗ ತೋರಿಸಿದರೆ, ಅವಳು ಹತ್ತಿರ ಬರುವ ಬದಲು ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು, ತಾನೇ ತನ್ನ ಮೇಲೆ ಚಾಡಿ ಹೇಳಿಕೊಂಡಂತೆ ಹೇಳಿದಳು.

"ಇದನ್ನ ಹಾಳ್ಮಾಡಿದ್ದೇ ನಾನು ಅಂಕಲ್. ನಂಗಾಗ ಏಳು ವರ್ಷ. ಇದು ಓಡ್ತಿತ್ತು, ಬೊಂಬೆ ಕಪ್ಪು ತೊಳೀಬೇಕು ಅಂತ ಬಾಗಿಲು ಎಳೆದುಬಿಟ್ಟೆ. ಕುದಿಯೋ ನೀರು ಎರಚ್ಕೊಂಡು ಬಂತು. ಅಮ್ಮ ನನ್ನ ಆಚೆ ತಳ್ಳಿ ಅಡ್ಡ ಕೈ ಇಟ್ಲು."

ತಾಯಿಯ ಬಲಗೈ ಮೊಣಕೈವರೆಗೆ ಬೆಂದಿತಂತೆ. ಎರಡು ಬೆರಳು ಅಂಟಿಕೊಂಡು ಹಾಗೇ ಉಳಿದವಂತೆ. ಆಕೆ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದವರು, ಆಮೇಲೆ ನಕ್ಷೆಯ ಪೆನ್ನು ಹಿಡಿಯಲಿಲ್ಲ.

"ಬಾಗಿಲು ತೆಗೆದ್ರೆ ತಾನಾಗೇ ನಿಲ್ಲುತ್ತೆ ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬರ್ದಿತ್ತು. ನಿಂತಿಲ್ಲ ಅಂದ್ರೆ ಇವಳು ಜಗ್ಗಾಡಿ ಏನೋ ಮುರಿದಿದಾಳೆ ಅಂತ ಅಪ್ಪ ಸಾಯೋವರೆಗೂ ಅಂದ್ರು. ಇರ್ಬೇಕು. ನಾನು ಸಿಕ್ಕಾಪಟ್ಟೆ ಹಟಮಾರಿ."

"ಅಂಥದ್ದನ್ನ ಮತ್ಯಾಕಮ್ಮ ಮನೆಗೆ ತಂದಿಟ್ಕೋತೀರಾ?" ಎಂದು ನಾನು ಕೇಳಿದೆ.

"ನಾನು ಮುರಿದಿದ್ದು ಸರಿಹೋಗಿದೆ ಅಂತ ಒಂದ್ಸಲ ಅಮ್ಮಂಗೆ ತೋರಿಸ್ಬೇಕು ಆಂಟಿ. ಅಷ್ಟೇ."

ನಾನು ಅಯ್ಯೋ ಪಾಪ ಎಂದೆ. ಮಗುವಿಗೆ ಏನು ತಿಳಿಯುತ್ತೆ ಬಿಡಿ ಎಂದು ಬೆನ್ನು ಸವರಿದೆ. ಒಳಗೆ ಹೋಗಿ ಅವಳಿಗೆ ಒಳ್ಳೆಯ ಚಹಾ ಮಾಡಿ ತಂದುಕೊಟ್ಟೆ. ನನಗೆ ಏನೂ ನೆನಪಾಗಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ.

ಎರಡು ದಿನ ಕಳೆದು ಇವರು ಬಾಗಿಲಿನ ಒಳತಗಡು ಬಿಚ್ಚಿದರು. ನಾನು ಬಟ್ಟೆ ಮಡಿಸುತ್ತಿದ್ದೆ. "ಬಾ ಇಲ್ಲಿ," ಎಂದು ಕರೆದರು. ಕೂಗಲಿಲ್ಲ, ಕಾಯಿಲೆಯವರ ದನಿಯಲ್ಲಿ ಕರೆದರು. ಟಾರ್ಚು ಬಿಟ್ಟು ತೋರಿಸಿದರು. ಬಾಗಿಲು ತೆರೆದೊಡನೆ ಮಿಷನ್ನು ನಿಲ್ಲಿಸಬೇಕಾದ ಒಂದು ಪುಟ್ಟ ಸ್ವಿಚ್ಚು ಅಲ್ಲಿತ್ತು. ಅದಕ್ಕೆ ಹೋಗಬೇಕಾದ ಎರಡೂ ವೈರುಗಳನ್ನು ಯಾರೋ ಕಿತ್ತು, ಒಂದಕ್ಕೊಂದು ನೇರ ಜೋಡಿಸಿಬಿಟ್ಟಿದ್ದರು. ಹಾಗೆ ಮಾಡಿದರೆ ಬಾಗಿಲು ತೆರೆದರೂ ಮಿಷನ್ನು ಓಡುತ್ತಲೇ ಇರುತ್ತದೆ. ಜೋಡಿಸಿದ ಕಡೆ ದಾರ ಸುತ್ತಿತ್ತು.

"ಎಣಿಸು," ಎಂದರು.

ಎಣಿಸಿದೆ. ಏಳು.

"ಆ ಹುಡುಗಿ ಏನೂ ಮುರಿದಿಲ್ಲ ಕಣೆ. ನಾನು ಮಾಡಿದ್ದು ಇದು."

ಅದು ಯಾವ ಮನೆಯೆಂದು ಅವರಿಗೆ ತಕ್ಷಣ ನೆನಪಾಗಲಿಲ್ಲ. ನನಗೆ ಒಂದೇ ಏಟಿಗೆ ಎಲ್ಲ ನೆನಪಾಯಿತು. ಆ ದಿನ ನನ್ನ ತಂಗಿಯ ಮಗುವನ್ನು ನೋಡಲು ನಾವು ಬಸ್ಸು ಹಿಡಿಯಬೇಕಿತ್ತು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಒಂದು ಮನೆಯಲ್ಲಿ ಐದು ನಿಮಿಷದ ಕೆಲಸ ಎಂದು ಇವರು ಸ್ಕೂಟರು ನಿಲ್ಲಿಸಿ ಒಳಗೆ ಹೋದರು. ಇವರ ಐದು ನಿಮಿಷ ನನಗೆ ಗೊತ್ತಿಲ್ಲವೇ? ನಾನು ಹೊರಗೆ ಸ್ಕೂಟರಿನ ಮೇಲೆ ಕೂತು ಹಾರನ್ನು ಒತ್ತಿದೆ. ಬೀದಿಯೆಲ್ಲ ಕೇಳುವಂತೆ "ಇನ್ನೂ ಆಗ್ಲಿಲ್ವಾ?" ಎಂದು ಕೂಗಿದೆ. ಆ ಮನುಷ್ಯ ಜನ್ಮದಲ್ಲಿ ಒಮ್ಮೆ ಅವಸರ ಮಾಡಿದ್ದು ಅವತ್ತೇ, ಮಾಡಿಸಿದ್ದು ನಾನೇ. ಸ್ವಿಚ್ಚು ಹೋಗಿದೆ, ಸದ್ಯಕ್ಕೆ ನೇರ ಮಾಡಿದ್ದೇನೆ, ಓಡುವಾಗ ಬಾಗಿಲು ತೆಗೆಯಬೇಡಿ, ಊರಿಂದ ಬಂದು ಹೊಸದು ಹಾಕುತ್ತೇನೆ ಎಂದು ಆ ಮನೆಯಾಕೆಗೆ ಹೇಳಿ ಓಡಿ ಬಂದರು. ಅವಸರದಲ್ಲೂ ಏಳು ಸುತ್ತು ಬಿಟ್ಟಿರಲಿಲ್ಲ.

ಅಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ನಾವು ವಾಪಸು ಬಂದ ಮೇಲೆ ಆ ಮನೆಯಾಕೆ ಫೋನು ಮಾಡಿದರು. ನಾನು ಎತ್ತಿದೆ. ನಾಳೆ ಬರುತ್ತಾರೆ ಎಂದೆ. ಮೂರು ದಿನ ಬಿಟ್ಟು ಮತ್ತೆ ಮಾಡಿದರು, ಮತ್ತೆ ನಾಳೆ ಎಂದೆ. ಆಗ ಇವರಿಗೆ ಒಂದು ಹೋಟೆಲಿನ ಅಡುಗೆಮನೆಯ ದೊಡ್ಡ ಕೆಲಸ ಸಿಕ್ಕಿತ್ತು. ಹೇಳಿದರೆ ಅದನ್ನು ಬಿಟ್ಟು ಈ ಸ್ವಿಚ್ಚಿಗೆ ಇಡೀ ದಿನ ಕೂರುತ್ತಾರೆ ಎಂದು ನಾನು ಹೇಳಲೇ ಇಲ್ಲ. ಇವರು ತಾವಾಗಿ ಕೇಳಿದರು: "ಆ ಹಸಿರು ಮಿಷನ್ನಿನವ್ರು ಫೋನ್ ಮಾಡಿದ್ರಾ?" ನಾನು ತಲೆ ಎತ್ತದೆ "ಇಲ್ಲ. ಬೇರೆಯವ್ರ ಕೈಲಿ ಮಾಡಿಸ್ಕೊಂಡಿರ್ತಾರೆ ಬಿಡಿ" ಎಂದೆ. ಅದಾದ ಮೇಲೆ ಆ ಫೋನು ಬರಲೇ ಇಲ್ಲ. ನನ್ನ ಸುಳ್ಳನ್ನು ನಾನೇ ನಂಬಿ ನೆಮ್ಮದಿಯಾಗಿ ಮರೆತೆ. ಫೋನು ಯಾಕೆ ನಿಂತಿತೆಂದು ತಿಳಿಯಲು ಮೂವತ್ತಮೂರು ವರ್ಷ ಹಿಡಿಯಿತು.

ಇಷ್ಟೆಲ್ಲ ನೆನಪಾದರೂ ನನ್ನ ಬಾಯಿಂದ ಬಂದ ಮಾತು ಯಾವುದು ಗೊತ್ತೇ?

"ಅದನ್ನ ಕಿತ್ತು ಹೊಸ ಸ್ವಿಚ್ ಕೂರ್ಸಿ. ಯಾರಿಗೆ ಗೊತ್ತಾಗುತ್ತೆ?"

ಅವರು ನನ್ನನ್ನು ಸಿಟ್ಟಿನಿಂದಲೂ ನೋಡಲಿಲ್ಲ. "ಏಳು ವರ್ಷದ ಮಗು ಕಣೆ ಅದು," ಎಂದರು. ಆಮೇಲೆ ಅವರಿಗೂ ಆ ಮನೆ ನೆನಪಾಗಿ ತಮ್ಮನ್ನೇ ಬೈದುಕೊಂಡರು. "ಅವ್ರು ಒಂದು ಫೋನ್ ಮಾಡಿದ್ರೆ ಹೋಗ್ತಿದ್ದೆ. ಮಾಡ್ಲಿಲ್ಲ ಅಂತ ಮರೆತುಬಿಡೋದಾ ನಾನು? ಅವ್ರು ಮಾಡ್ದೇ ಇದ್ರೂ ಹೋಗ್ಬೇಕಿತ್ತು." ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಎದ್ದು ಹೋಗಿ ಮಡಿಸಿದ ಬಟ್ಟೆಗಳನ್ನೇ ಮತ್ತೆ ಮಡಿಸಿದೆ.

ಭಾನುವಾರ ಬೆಳಿಗ್ಗೆ ಇಬ್ಬರೂ ಡಾಕ್ಟರಮ್ಮನ ಮನೆಗೆ ಹೋದೆವು. ಅಡುಗೆಮನೆ ಮುಗಿದಿತ್ತು. ಮಿಷನ್ನಿನ ಜಾಗ ಮಾತ್ರ ಖಾಲಿ ಇತ್ತು. ಮೇಜಿನ ಬಳಿ ಅವಳ ತಾಯಿ ಕೂತಿದ್ದರು, ಎಪ್ಪತ್ತರ ಹೆಂಗಸು, ಬಲಗೈ ಮಡಿಲಲ್ಲಿತ್ತು. ಇವರು ಕೂರಲಿಲ್ಲ. ಜೇಬಿನಿಂದ ಆ ವೈರಿನ ತುಂಡು ತೆಗೆದು ಮೇಜಿನ ಮೇಲಿಟ್ಟು, ಸ್ವಿಚ್ಚು ಹೇಗೆ ಕೆಲಸ ಮಾಡುತ್ತದೆ, ತಾವು ಏನು ಮಾಡಿದ್ದರು, ಎಲ್ಲವನ್ನೂ ಅದೇ ನಿಧಾನದಲ್ಲಿ ಹೇಳಿದರು.

"ನೀವೇನೂ ಮುರಿದಿಲ್ಲಮ್ಮ. ಯಾವ ಮಗು ತೆಗೆದಿದ್ರೂ ಅದು ನಿಲ್ತಿರ್ಲಿಲ್ಲ. ತಪ್ಪು ನಂದು."

ಡಾಕ್ಟರಮ್ಮ ವೈರನ್ನು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು. "ಅಮ್ಮ, ಬಾಗಿಲು ತೆಗೀಬೇಡಿ ಅಂತ ಇವರು ನಿಂಗೆ ಹೇಳಿದ್ರಾ?"

ತಾಯಿ ತಡವಾಗಿ ತಲೆಯಾಡಿಸಿದರು. "ಹೇಳಿದ್ರು. ನಾನು ಎರಡು ಸಲ ಫೋನ್ ಮಾಡಿದ್ದೆ. ಒಬ್ಳು ಹೆಂಗಸು ಎತ್ತಿ ನಾಳೆ ಬರ್ತಾರೆ ಅಂದ್ಲು, ಮತ್ತೆ ನಾಳೆ ಅಂದ್ಲು. ಪಾತ್ರೆ ರಾಶಿ ಬಿದ್ದಿತ್ತು, ಓಡ್ಸಿಬಿಟ್ಟೆ. ನಿಮ್ಮಪ್ಪಂಗೆ ಗೊತ್ತಾದ್ರೆ ಮಗು ಇರೋ ಮನೇಲಿ ಯಾಕೆ ಓಡ್ಸಿದೆ ಅಂತ ನನ್ನ ಸುಮ್ನೆ ಬಿಡ್ತಿರ್ಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡು... ಹಾಗೇ ಆಗೋಯ್ತು."

ಫೋನು ಎಂಬ ಮಾತಿಗೆ ನನ್ನ ಗಂಡ ನನ್ನ ಕಡೆ ತಿರುಗಿದರು. ಒಂದು ಕ್ಷಣ ಅಷ್ಟೆ. ಎಲ್ಲವೂ ಅರ್ಥವಾಯಿತೆಂದು ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮತ್ತೆ ಆಕೆಯ ಕಡೆ ತಿರುಗಿ, "ಆಗ ಅಂಗಡೀಲಿ ಯಾರ್ಯಾರೋ ಫೋನ್ ಎತ್ತುತ್ತಿದ್ರು ಅಮ್ಮ. ನಂಗೆ ಹೇಳಿದ್ದೇ ಇರ್ಬೇಕು, ನಾನೇ ಕಿವಿ ಮೇಲೆ ಹಾಕ್ಕೊಂಡಿರಲ್ಲ," ಎಂದರು.

ಆರು ಸುತ್ತನ್ನು ಏಳು ಎನ್ನಲಾರದ ಮನುಷ್ಯ ನನಗಾಗಿ ಸುಳ್ಳು ಹೇಳಿದರು. ಅದನ್ನು ಕೇಳಿಸಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಯಾರ್ಯಾರೋ ಅಲ್ಲ, ನಾನೇ," ಎಂದೆ. "ಎರಡು ಸಲಾನೂ ನಾನೇ. ಇವರು ಕೇಳಿದ್ರು, ಫೋನೇ ಬಂದಿಲ್ಲ ಅಂದೆ."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರಮ್ಮ ಮೇಜು ಹಿಡಿದು ನಿಂತಿದ್ದಳು. "ಮೂರು ಜನ ದೊಡ್ಡೋರು," ಎಂದಳು. ಆಮೇಲೆ, "ಒಬ್ರಾದ್ರೂ ನಂಗೆ ಹೇಳ್ಬಹುದಿತ್ತಲ್ವಾ?" ಎಂದಳು. ಆ ದನಿ ಡಾಕ್ಟರಮ್ಮನದಲ್ಲ, ಏಳು ವರ್ಷದ ಮಗುವಿನದು.

ಬರುವ ದಾರಿಯಲ್ಲಿ ಇವರು ಒಂದೇ ಮಾತಾಡಿದರು. "ನಾನು ಕೇಳಿದ್ದೆ ಅಲ್ವಾ?"

"ಕೇಳಿದ್ರಿ," ಎಂದೆ.

ಮಿಷನ್ನು ಬೇಡ ಎಂದು ಅವಳು ಹೇಳಿ ಕಳಿಸುತ್ತಾಳೆ ಎಂದುಕೊಂಡಿದ್ದೆ. ಮುಗಿಸಿ ತಂದುಕೊಡಿ ಎಂದಷ್ಟೇ ಫೋನು ಮಾಡಿದಳು. ಎತ್ತಿದ್ದು ನಾನು. ರಿಸೀವರು ಇಟ್ಟ ಕೂಡಲೇ ಎದ್ದು ಹೋಗಿ ಇವರಿಗೆ ಹೇಳಿದೆ.

ಹೊಸ ಸ್ವಿಚ್ಚು ಕೂರಿಸಿ, ಖಾಲಿ ಜಾಗದಲ್ಲಿ ಮಿಷನ್ನನ್ನು ನಿಲ್ಲಿಸಿ, ನೀರು ಕರೆಂಟು ಎಲ್ಲ ಜೋಡಿಸಿದ್ದಾಯಿತು. ಕಪ್ಪು ಬಿಳುಪು ನೆಲದ ಮೇಲೆ ಆ ಹಸಿರು ಚೆನ್ನಾಗಿಯೇ ಕಾಣುತ್ತಿತ್ತು. ಇವರು ಗುಂಡಿ ತಿರುಗಿಸಿದರು. ಒಳಗೆ ನೀರು ತುಂಬಿ, ಕಾದು, ತೋಳು ತಿರುಗಿ ರಪರಪ ಸದ್ದು ಶುರುವಾಯಿತು. ಡಾಕ್ಟರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ದೂರದಲ್ಲೇ ನಿಂತಿದ್ದಳು. ತಾಯಿ ಮೇಜಿನ ಬಳಿ ಇದ್ದರು.

"ಈಗ ಬಾಗಿಲು ತೆಗೆದ್ರೆ ನಿಲ್ಲುತ್ತೆ," ಎಂದರು ಇವರು. "ತೆಗೀಲಾ?"

"ನೀವು ಬೇಡ ಅಂಕಲ್," ಎಂದು ಅವಳು ನನ್ನನ್ನು ನೋಡಿದಳು.

ನಾನು ಹೋದೆ. ನನ್ನ ಗಂಡ ಮಾಡಿದ ಕೆಲಸ, ಮೂರು ತಿಂಗಳು ಕೂತು ಮಾಡಿದ್ದು, ತಪ್ಪುವುದಿಲ್ಲ ಎಂದು ಗೊತ್ತಿತ್ತು. ಹಿಡಿಗೆ ಕೈ ಹಾಕಿದೆ. ಎಳೆದೆ. ಸದ್ದು ತಟ್ಟನೆ ನಿಂತಿತು. ಬಿಸಿ ಹಬೆ ಮುಖಕ್ಕೆ ಬಡಿಯಿತು, ನೀರು ಒಂದು ಹನಿಯೂ ಹೊರಗೆ ಬರಲಿಲ್ಲ.

"ಇನ್ನೊಂದ್ಸಲ," ಎಂದಳು.

ಮುಚ್ಚಿದೆ, ಸದ್ದು ಶುರುವಾಯಿತು. ತೆಗೆದೆ, ನಿಂತಿತು.

"ಇನ್ನೊಂದ್ಸಲ."

ತಾಯಿ ಮೆಲ್ಲಗೆ ಎದ್ದು ಆ ಕೈಯನ್ನು ಮುಂದೆ ಚಾಚಿಕೊಂಡು ಬಂದರು. "ನಾನು ತೆಗೀತೀನಿ ಕಣೇ, ಅವರನ್ನ ಬಿಡು," ಎಂದರು.

ಡಾಕ್ಟರಮ್ಮ ಒಂದೇ ನೆಗೆತಕ್ಕೆ ಬಂದು ತಾಯಿಯನ್ನು ಹಿಂದಕ್ಕೆ ಎಳೆದುಕೊಂಡಳು. "ನೀನು ದೂರ ಇರಮ್ಮ," ಎಂದಳು. ತಾಯಿಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ, ಅಳುತ್ತಲೇ, ನನ್ನ ಕಡೆ ನೋಡಿ ಮತ್ತೆ "ಇನ್ನೊಂದ್ಸಲ" ಎಂದಳು.

ನಾನು ಬಾಗಿಲು ಮುಚ್ಚಿ ಮತ್ತೆ ತೆಗೆದೆ.