ಬಿದ್ದದ್ದಲ್ಲ, ಕುಸಿದದ್ದು

ಹಂಚಿನ ಮೇಲೆ ಗುಮ್ಮಟದಂತೆ ಉಬ್ಬಿದ ಜೋಳದ ರೊಟ್ಟಿ, ತಟ್ಟೆಗೆ ಬಂದೊಡನೆ ಹಬೆ ಬಿಟ್ಟು ಮೆಲ್ಲಗೆ ಕುಸಿಯುವುದನ್ನು ನೀವೂ ನೋಡಿರುತ್ತೀರಿ. ಹಸಿದ ಹೊಟ್ಟೆಗೆ ನಿಘಂಟಿನ ಹಂಗಿಲ್ಲವಾದ್ದರಿಂದ ‘ಕುಸಿಯುವುದು’ ಎಂಬ ಮಾತಿನ ಅರ್ಥವೇನೆಂದು ಯೋಚಿಸಿರಲಿಕ್ಕಿಲ್ಲ. ನಾನೂ ಯೋಚಿಸಿರಲಿಲ್ಲ, ನಮ್ಮಪ್ಪನ ತಮ್ಮ, ಅಂದರೆ ಕಾಕಾ, ಹುಮನಾಬಾದಿನ ನಮ್ಮ ಮನೆಗೆ ಬಂದು ನೆಲೆಸುವವರೆಗೆ.

ಬಸವಕಲ್ಯಾಣದಲ್ಲಿ ಅವರದು ಮಣ್ಣಿನ ಮಾಳಿಗೆಯ ಮನೆ, ಅಂದರೆ ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿಯದು. ಮೃಗಶಿರ ಮಳೆಗೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹರವಿ ತುಳಿದರೆ ಸೋರುವುದಿಲ್ಲ. ಬಲ್ಲವರು ಮೊದಲು ಹಳೆಯ ಮಣ್ಣನ್ನು ಕೆರೆದು ಇಳಿಸಿ, ಆಮೇಲೆ ಹೊಸದನ್ನು ಏರಿಸುತ್ತಾರೆ. ಕಾಕಾ ಏರಿಸುತ್ತಿದ್ದರೇ ಹೊರತು ಇಳಿಸುತ್ತಿರಲಿಲ್ಲ.

“ತೊಲಿ ಬಾಗ್ಯಾದ, ಈ ಸಲರೆ ಹಳೀ ಮಣ್ಣು ತೆಗಸ್ರಿ,” ಎಂದು ಕಾಕಿ ಪ್ರತಿ ಬೇಸಿಗೆಯಲ್ಲೂ ಗಂಡನಿಗೆ ಹೇಳುತ್ತಿದ್ದಳು.

“ಅದು ನಮ್ಮಪ್ಪ ಹೊತ್ತು ಹಾಕಿದ ಮಣ್ಣದ. ಹ್ಯಾಂಗ ಕೆದರಿ ಚೆಲ್ಲಲಿ?” ಎನ್ನುತ್ತಿದ್ದರು ಕಾಕಾ.

ಅಪ್ಪ ನೆಟ್ಟ ಆಲದ ಮರ ಎಂದು ನಾವೆಲ್ಲ ಅವರನ್ನು ಛೇಡಿಸಿ ನಗುತ್ತಿದ್ದೆವು. ಆ ಗಾದೆಯ ಕೊನೆಯಲ್ಲಿ ಒಂದು ನೇಣು ಇದೆಯೆಂಬುದು ನಗುವವರಿಗೆ ನೆನಪಿರುವುದಿಲ್ಲ.

ಹೋದ ಮಳೆಗಾಲದ ಒಂದು ಮಧ್ಯಾಹ್ನ, ಕಾಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ನೀರು ಕುಡಿದ ಮಾಳಿಗೆ ಅವಳ ಮೇಲೆ ಇಳಿಯಿತು. ನಾಲ್ಕೂ ಗೋಡೆಗಳು ನೆಟ್ಟಗೆ ನಿಂತೇ ಇದ್ದವು. ಬೀದಿಯಿಂದ ನೋಡಿದವರಿಗೆ ಅದಿನ್ನೂ ಮನೆಯೇ. ಮಣ್ಣು ಸರಿಸುವಷ್ಟರಲ್ಲಿ ಕಾಕಿಯ ಉಸಿರು ನಿಂತಿತ್ತು.

ಮಾತಾಡಿಸಲು ಬಂದವರು, “ಮಳಿಗೆ ಮಾಳಗಿ ಬಿತ್ತಂತಲ್ರಿ,” ಎಂದರೆ ಕಾಕಾ ಪ್ರತಿಯೊಬ್ಬರನ್ನೂ ತಿದ್ದುತ್ತಿದ್ದರು: “ಬಿದ್ದಿಲ್ರಿ. ಕುಸದದ.”

ಬೀಳುವುದಕ್ಕೆ ಗಾಳಿಯೋ ಸಿಡಿಲೋ ಪರರ ಕೈಯೋ ಕಾರಣವಾಗಬಹುದು, ಬಿದ್ದದ್ದು ಅತ್ತಿತ್ತ ಉರುಳಿಯೂ ಹೋಗಬಹುದು. ಕುಸಿಯುವುದು ಮಾತ್ರ ತನ್ನ ಭಾರಕ್ಕೆ ತಾನೇ, ತನ್ನೊಳಗೇ, ನಂಬಿ ಒಳಗೆ ಕುಳಿತವರ ಮೇಲೆಯೇ. ಬೆಲೆ ಕುಸಿಯಿತು, ಧೈರ್ಯ ಕುಸಿಯಿತು ಎಂದು ನಾವು ಸಲೀಸಾಗಿ ಆಡಿಬಿಡುವ ಈ ಮಾತನ್ನು ಕಾಕಾ ತಪ್ಪೊಪ್ಪಿಗೆಯಂತೆ ಆಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿದೆ. ಆ ಮಾತು ಕೇಳಿದಾಗ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ನಿನ್ನೆ ನನ್ನ ಹೆಂಡತಿ ಉಬ್ಬಿದ ರೊಟ್ಟಿಯೊಂದನ್ನು ಅವರ ತಟ್ಟೆಗೆ ಹಾಕಿದಳು. ಕಾಕಾ ಮುಟ್ಟದೆ ನೋಡುತ್ತ ಕುಳಿತರು. ಹಬೆ ಹೋಯಿತು, ರೊಟ್ಟಿ ಚಪ್ಪಟೆಯಾಯಿತು.

“ಉಣ್ರಿ ಕಾಕಾ, ಆರಾಕತ್ತದ,” ಎಂದೆ.

“ಇದರ ಮ್ಯಾಲ ಯಾರೂ ಮಣ್ಣು ಹಾಕಿಲ್ಲ, ಹೌದಿಲ್ಲೋ?”

“ಇಲ್ರಿ ಕಾಕಾ. ಯಾರೂ ಹಾಕಿಲ್ಲ.”

ಆಮೇಲೆ ಅವರು ರೊಟ್ಟಿ ಮುರಿದರು.