ಕೂರಲಾರದ ವರ

ಸೊಂಟದಿಂದ ಹೊರಟು ಎಡಗಾಲಿನ ಹಿಮ್ಮಡಿಯವರೆಗೆ ಇಳಿಯುವ ನನ್ನ ನರದ ನೋವಿಗೆ ಶಸ್ತ್ರಚಿಕಿತ್ಸೆಯ ಅಗತ್ಯವಿಲ್ಲವೆಂದು ಮೈಸೂರಿನ ವೈದ್ಯರು ಹೇಳಿದ್ದರು. ಹೆಚ್ಚು ಹೊತ್ತು ಕೂರಬಾರದು, ನಡೆಯಬೇಕು. ನೋವು ಕಾಲಿಗಿಳಿದರೆ ಬೋರಲು ಮಲಗಿ, ಮೊಣಕೈಯೂರಿ ಎದೆಯೆತ್ತಬೇಕು. ನಮ್ಮ ಮನೆತನದ ಮೊದಲ ಪದವೀಧರನಾದ ನಾನು ಇದನ್ನು ಪಠ್ಯದಂತೆ ಪಾಲಿಸುತ್ತಿದ್ದೆ. ಹೆಣ್ಣು ನೋಡಲು ಹೋದಲ್ಲಿ ಹೇಗೆ ಪಾಲಿಸಬೇಕೆಂಬುದನ್ನು ಮಾತ್ರ ಕೇಳಿರಲಿಲ್ಲ.

ಹುಡುಗಿಯ ಮನೆ ದೇವಲಾಪುರದಲ್ಲಿತ್ತು. ಫೋನಿನಲ್ಲಿ ಒಮ್ಮೆ ಕೇಳಿದ ಆಕೆಯ ನಗು ನನಗೆ ಬಹಳ ಹಿಡಿಸಿದ್ದರಿಂದ, ಈ ಸಂಬಂಧ ಕೈತಪ್ಪಬಾರದೆಂಬ ಆತಂಕದಲ್ಲಿಯೇ ಪಾಂಡವಪುರದಲ್ಲಿ ಬಸ್ಸು ಹತ್ತಿದೆ. ಬಡಗಿಯಾದ ನನ್ನ ತಂದೆ, "ಸೊಂಟದ ವಿಸ್ಯ ಬಾಯ್ ಬುಡಬ್ಯಾಡ ಕಣ್ಲಾ" ಎಂದು ದಾರಿಯುದ್ದಕ್ಕೂ ಎಚ್ಚರಿಸಿದರು.

ಹುಡುಗಿಯ ತಂದೆಯೂ ಬಡಗಿಯೇ. ನಡುಮನೆಯಲ್ಲಿ ತೇಗದ ಹೊಸ ಕುರ್ಚಿಯೊಂದಿತ್ತು.

"ಕೂತ್ಕಳಿ, ನಿಮ್ಗಂತ್ಲೇ ಮಾಡಿದ್ದು."

"ಕ್ಷಮಿಸಬೇಕು, ನಾನು ನಿಂತಿರಲು ಇಚ್ಛಿಸುತ್ತೇನೆ."

ಬಡಗಿಯ ಮಗನೊಬ್ಬ ಬಡಗಿಯ ಮನೆಯ ಹೊಸ ಕುರ್ಚಿಯಲ್ಲಿ ಕೂರಲೊಪ್ಪದಿದ್ದರೆ ಅದಕ್ಕೆ ಅವರಲ್ಲಿ ಒಂದೇ ಅರ್ಥ: ಕೆಲಸ ಸರಿಯಿಲ್ಲ. ಹುಡುಗಿಯ ತಂದೆಯ ಮುಖ ಸಪ್ಪಗಾಯಿತು. ಕುರ್ಚಿಯನ್ನು ಮಗುಚಿ ಒಂದೊಂದೇ ಸಂದನ್ನು ತಡವಿ ನೋಡತೊಡಗಿದರು. ನಡುವೆ ಬಂದು ಸಮಾಧಾನ ಹೇಳಬೇಕಿದ್ದ ನನ್ನ ತಂದೆ ತಡೆಯಲಾರದೆ ತಾವೂ ಕುಕ್ಕರಗಾಲಿನಲ್ಲಿ ಕುಳಿತರು.

"ಇಂದ್ಲ ಕಾಲು ಒಂದ್ ನೂಲು ಗಿಡ್ಡ ಆದಂಗೈತೆ" ಎಂದರು, ಬಡಗಿಯ ಅಳತೆಯಲ್ಲಿ.

"ಸೊಟ್ಟ ಇರೋದು ನೆಲ, ಸ್ವಾಮಿ. ಕಾಲಲ್ಲ."

ಮಾತು ಬೆಳೆಯುವ ಮುನ್ನ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಕುಳಿತುಬಿಟ್ಟೆ. ಕಾಫಿ ಬರುವಷ್ಟರಲ್ಲಿ ಹಿಮ್ಮಡಿಯವರೆಗೆ ಕರೆಂಟು ಹೊಡೆದಂತಾಯಿತು. ಅನ್ಯಮಾರ್ಗವಿಲ್ಲದೆ ನೆಲಕ್ಕಿಳಿದು ಬೋರಲು ಮಲಗಿ, ಮೊಣಕೈಯೂರಿ ತಲೆಯೆತ್ತಿದೆ. ಕಣ್ಣೆದುರಿಗೆ ಕುರ್ಚಿಯ ತಳವಿತ್ತು.

"ನೋಡಿ, ಈಗ ಕೆಳ್ಗಡಿಂದ ಬ್ಯಾರೆ ನೋಡ್ತಾವ್ರೆ" ಎಂದರು ಹುಡುಗಿಯ ತಂದೆ, ನೊಂದ ದನಿಯಲ್ಲಿ. "ನನ್ ಕೆಲ್ಸದ ಮ್ಯಾಲೆ ಇಷ್ಟು ಅನ್ಮಾನ ಇದ್ರೆ ನನ್ ಮಗ್ಳು ಯಾಕೆ?"

"ತಮ್ಮ ಕುರ್ಚಿಯಲ್ಲಿ ಯಾವ ದೋಷವೂ ಇಲ್ಲ" ಎಂದೆ ನೆಲದಿಂದಲೇ. "ದೋಷವಿರುವುದು ನನ್ನ ಸೊಂಟದಲ್ಲಿ."

"ಬುಡ್ತು ಅನ್ಲಾ" ಎಂದು ಗದರಿದರು ನನ್ನ ತಂದೆ.

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು: "ಆಪ್ರೇಸನ್ ಬೇಕಾ?"

"ಬೇಕಿಲ್ಲ. ನಡೆದರೆ ಶಮನವಾಗುತ್ತದೆ."

"ಅಂಗಾದ್ರೆ ಏಳಿ, ಕೆರೆ ಏರಿಗಂಟ ಓಗ್ಬರವ. ಇವ್ರು ಕುರ್ಚಿ ನೋಡ್ಕತಾ ಇರ್ಲಿ."

ಏರಿ ಮುಗಿಯುವ ಹೊತ್ತಿಗೆ ನೋವು ಹಿಮ್ಮಡಿಯನ್ನು ಬಿಟ್ಟು ತೊಡೆಗೆ ಏರಿತ್ತು. ಅದು ಶುಭಸೂಚನೆಯೆಂದು ವೈದ್ಯರು ಹೇಳಿದ್ದನ್ನು ಆಕೆಗೆ ವಿವರಿಸಿದೆ.

"ಸೊಂಟ ಇರ್ಲಿ ಬುಡಿ. ಈ ನ್ಯೂಸ್ ಓದ್ದಂಗೆ ಮಾತಾಡೋದ್ಕೆ ಡಾಕ್ಟ್ರು ಏನಾರ ಏಳವ್ರಾ?"

ಉತ್ತರಕ್ಕೆ ಶುದ್ಧವಾದ ವಾಕ್ಯವೊಂದನ್ನು ಹುಡುಕುತ್ತಿರುವಾಗಲೇ ಮನೆ ಬಂತು. ಒಳಗೆ ಎರಡು ತಲೆಗಳು ಇನ್ನೂ ಕುರ್ಚಿಯ ಕೆಳಗಿದ್ದವು. ಆಕೆ ತನ್ನ ತಂದೆಯತ್ತ ಬಾಗಿ ಹೇಳಿದಳು:

"ನಂಗೆ ಒಪ್ಗೆ ಕಣಪ್ಪ. ಬಿರ್ರನೆ ಮಂತ್ರ ಏಳಿ ಮುಗ್ಸೋ ಪುರೋಯಿತ್ರನ್ನ ನೋಡು, ಸಾಕು."